ನಾಲ್ಕು ಸೆಕೆಂಡಿನ ಅಡ್ಡದಾರಿ

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ... ಲೋಹಿತ್‌ಗೂ ಇತ್ತು.

ಕೋಲಾರದಲ್ಲಿ ಅವನದೊಂದು ಕನ್ನಡಕದ ಅಂಗಡಿ. ಭಾನುವಾರ ಬಂತೆಂದರೆ ಮೌಂಟನ್ ಬೈಕ್ ಹತ್ತಿ ಊರಾಚೆಯ ಬೆಟ್ಟಕ್ಕೆ ಹೊರಟೇಬಿಡುತ್ತಿದ್ದ.

ಬೆಟ್ಟದ ತುದಿಯಿಂದ ಕೆಳಗಿನ ಹಳ್ಳಿಗೆ ಒಂದು ಕಾಲುದಾರಿ... ಕಲ್ಲು, ಮಣ್ಣು, ಕಡಿದಾದ ತಿರುವು. ಅದನ್ನು ಬೇಗ ಇಳಿದವರ ಹೆಸರು ಸೈಕಲ್ ಸವಾರರ ಆ್ಯಪ್‌ನಲ್ಲಿ ಮೊದಲು ಬರುತ್ತಿತ್ತು. ಆರು ವರ್ಷ ಅಲ್ಲಿ ಲೋಹಿತ್ ಹೆಸರೇ ಇತ್ತು.

ಆಮೇಲೆ ರುಖಿಯಾ ಬಂದಳು. ಹೈಸ್ಕೂಲಿನ ಪಿಟಿ ಟೀಚರ್... ಯಾರೋ ಓಡಿಸಿ ಬಿಟ್ಟ ಹಳೇ ಸೈಕಲ್ಲು. ಎಂಟೇ ತಿಂಗಳಲ್ಲಿ ಲೋಹಿತ್ ಎರಡನೆಯವನಾದ.

"ಮೇಡಂ ಸೂಪರ್!" ಎಂದು ಗೆಳೆಯರು ಗ್ರೂಪಿನಲ್ಲಿ ಬರೆದರು. ಲೋಹಿತ್ ಕೂಡ ಚಪ್ಪಾಳೆ ಇಮೋಜಿ ಹಾಕಿದ... ಹಾಕಿ, ಫೋನನ್ನು ಸೋಫಾ ಮೇಲೆ ಎಸೆದ.

"ಆ ಡಬ್ಬಾ ಸೈಕಲ್ಲಲ್ಲಿ ಅಷ್ಟು ಸ್ಪೀಡ್ ಹೆಂಗೆ ಬರತ್ತೆ? ಎಲ್ಲೋ ಅಡ್ಡದಾರಿ ಹಿಡೀತಾಳೆ ಬಿಡು" ಎಂದ ಹೆಂಡತಿಗೆ.

"ನೀವು ನೋಡಿದ್ರಾ?"

ನೋಡಿರಲಿಲ್ಲ... ಆದರೆ ಹೊಟ್ಟೆಕಿಚ್ಚು ಸಾಕ್ಷಿ ಕೇಳುವುದಿಲ್ಲ.

ಒಂದು ಶನಿವಾರ ಜೋರು ಮಳೆ. ಒದ್ದೆ ಮಣ್ಣಿನ ಮೇಲೆ ಸೈಕಲ್ ಇಳಿಸಬಾರದು, ದಾರಿ ಕಿತ್ತುಹೋಗುತ್ತದೆ... ಹೊಸಬರಿಗೆ ಇದನ್ನು ಹೇಳಿಕೊಡುತ್ತಿದ್ದವನೇ ಲೋಹಿತ್.

ಆದರೂ ಭಾನುವಾರ ಬೆಳಿಗ್ಗೆ ಒಬ್ಬನೇ ಹೋದ. ದೊಡ್ಡ ತಿರುವಿನಲ್ಲಿ ದಾರಿ ಬಿಟ್ಟು, ಹುಲ್ಲಿನ ಇಳಿಜಾರಿನಲ್ಲಿ ನೇರ ಇಳಿಸಿದ. ಹಿಂದಿನ ಚಕ್ರ ಜಾರಿ ಮಣ್ಣನ್ನು ಉದ್ದಕ್ಕೂ ಸೀಳಿತು.

ನಾಲ್ಕು ಸೆಕೆಂಡ್ ಉಳಿಯಿತು! ಅವನ ಹೆಸರು ಮತ್ತೆ ಮೊದಲು...

ಆ ವಾರವೆಲ್ಲ ಮಳೆ ಸುರಿಯಿತು. ಚಕ್ರ ಸೀಳಿದ ಗೀರಿನಲ್ಲೇ ನೀರು ನುಗ್ಗಿ, ಕೆಳಗಿನ ಕಾಲುದಾರಿಯಲ್ಲಿ ಮೊಣಕಾಲುದ್ದ ಕೊರಕಲು ಬಿತ್ತು.

ಮುಂದಿನ ಭಾನುವಾರ ಲೋಹಿತ್ ಬಂದಾಗ, ರುಖಿಯಾ ಆ ಕೊರಕಲಿಗೆ ಕಲ್ಲು ತುಂಬುತ್ತಿದ್ದಳು. ಪಕ್ಕದ ಬಂಡೆ ಮೇಲೆ ಒಬ್ಬ ಅಜ್ಜಿ... ಕೈಗೆ ಬ್ಯಾಂಡೇಜು.

"ಏನಾಯ್ತಜ್ಜಿ?"

"ಹುಲ್ಲಿನ ಹೊರೆ ಹೊತ್ಕೊಂಡು ಬರ್ತಿದ್ನಪ್ಪ. ದಿನಾ ಓಡಾಡೋ ದಾರಿ ಅಂತ ಕಾಲಿಟ್ಟೆ... ಹಳ್ಳ! ಕೈ ಮುರೀತು. ಯಾವನೋ ಸೈಕಲ್ಲೋನು ಅಡ್ಡ ಇಳಿದವ್ನಂತೆ. ಪಾಪ, ಈ ಟೀಚರಮ್ಮ ಮೂರು ದಿನದಿಂದ ಕಲ್ಲು ಹೊರ್ತಾವ್ಳೆ."

ಲೋಹಿತ್ ರುಖಿಯಾಳತ್ತ ತಿರುಗಿದ. ಯಾರು ಎಲ್ಲಿ ಇಳಿದರು ಎಂದು ಆ್ಯಪ್‌ನ ಮ್ಯಾಪಿನಲ್ಲಿ ಗೆರೆ ಕಾಣುತ್ತದೆ... ರುಖಿಯಾ ನೋಡಿರಲೇಬೇಕು.

ಹತ್ತಿರ ಹೋಗಿ ಮೆಲ್ಲಗೆ ಕೇಳಿದ. "ನಿಮ್ಗೆ ಗೊತ್ತಿತ್ತಲ್ಲ ಮೇಡಂ... ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಅದು ಚಾಡಿ ಆಗತ್ತೆ ಸರ್."

ಅವನಿಗೆ ಇನ್ನೊಂದು ಮಾತು ತಡೆಯಲಾಗಲಿಲ್ಲ. "ಈ ತಿರುವಲ್ಲಿ ನೀವು ಹೆಂಗೆ ಅಷ್ಟು ಬೇಗ...?"

"ಬೇಗ ಏನಿಲ್ಲ ಸರ್. ಈ ಚೌಡಮ್ಮಜ್ಜಿ ದಿನಾ ಇಲ್ಲೇ ಹೊರೆ ಇಳಿಸಿ ಕೂತಿರ್ತಾರೆ. ಅದಕ್ಕೇ ತಿರುವಿಗೆ ಮುಂಚೆನೇ ನಿಧಾನ ಮಾಡ್ತೀನಿ. ಮೊದಲೇ ನಿಧಾನ ಆದ್ರೆ ತಿರುವಿನೊಳಗೆ ಬ್ರೇಕೇ ಬೇಕಾಗಲ್ಲ... ಸೈಕಲ್ ತಾನೇ ಓಡತ್ತೆ."

ಇಷ್ಟು ದಿನ ಅವಳ ಮೇಲೆ ಹೊರಿಸಿದ ಕಳ್ಳತನ, ತಾನೇ ಮಾಡಿದ್ದು...

ಲೋಹಿತ್ ಅಜ್ಜಿಯ ಮುಂದೆ ಮಣ್ಣಿನಲ್ಲೇ ಕೂತ. "ಆ ಸೈಕಲ್ಲೋನು ನಾನೇ ಅಜ್ಜಿ."

ಚೌಡಮ್ಮ ಬೈಯಲಿಲ್ಲ. ಒಂದೇ ಮಾತು ಕೇಳಿದಳು... "ನನ್ ಹಸುಗೆ ಹುಲ್ಲು ಯಾರಪ್ಪ ತರ್ತಾರೆ ಈಗ?"

ಅವನ ಕಣ್ಣು ತುಂಬಿ ಬಂತು. "ನಾನ್ ತರ್ತೀನಜ್ಜಿ."

ತಂದ. ಆರು ವಾರ... ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ, ಸೈಕಲ್ ಮೇಲೆ ಹುಲ್ಲಿನ ಹೊರೆ ಇಟ್ಟು, ಬೆಟ್ಟದಿಂದ ತಳ್ಳಿಕೊಂಡೇ ಇಳಿದ. ಆ್ಯಪ್‌ನಿಂದ ತನ್ನ ದಾಖಲೆಯನ್ನು ತಾನೇ ಅಳಿಸಿದ.

ಹೊಟ್ಟೆಕಿಚ್ಚು ಪೂರ್ತಿ ಆರಿತೇ? ಇಲ್ಲ... ಈಗಲೂ ಒಮ್ಮೊಮ್ಮೆ ಚುರ್ರೆನ್ನುತ್ತದೆ.

ಆಗೆಲ್ಲ ಅವನು ರುಖಿಯಾಗೆ ಫೋನ್ ಮಾಡುತ್ತಾನೆ. "ಮೇಡಂ, ಆ ತಿರುವು ಇನ್ನೊಂದ್ಸಲ ಹೇಳಿಕೊಡ್ತೀರಾ?"

*ಬೇರೆಯವರ ಹೆಸರಿನ ಮೇಲೆ ಕಣ್ಣು ನೆಟ್ಟವನಿಗೆ, ತನ್ನ ಚಕ್ರದ ಕೆಳಗೆ ಏನು ಹಾಳಾಗುತ್ತಿದೆ ಎಂಬುದು ಕಾಣುವುದಿಲ್ಲ.*

ನೀವು ಯಾರನ್ನು ಕಂಡು ಒಳಗೊಳಗೇ ಉರಿಯುತ್ತಿದ್ದೀರೋ... ಅವರ ಹತ್ತಿರ ಹೋಗಿ "ಹೇಳಿಕೊಡಿ" ಎಂದು ಒಂದು ಸಲವಾದರೂ ಕೇಳಿದ್ದೀರಾ?