ಹೆಪ್ಪು ಕೇಳುವ ಪಾತ್ರ

ಬಾಗಿಲು ತಟ್ಟುವುದರಲ್ಲಿ ನನ್ನನ್ನು ಮೀರಿಸಿದ ನಟಿ ಮೂರು ಲೋಕದಲ್ಲಿಲ್ಲ. ಒಂಬೈನೂರು ಹಾಸ್ಯ ಧಾರಾವಾಹಿಗಳಲ್ಲಿ ಮೊಸರಿಗೆ ಹೆಪ್ಪು ಕೇಳಲು ಬರುವ ಪಕ್ಕದ ಮನೆಯವಳು ನಾನೇ. ನನ್ನ ಬಟ್ಟಲು ಕಂಡರೆ ನಾಯಕನಟರೇ ನಡುಗುತ್ತಿದ್ದರು!

ಹಳೆಯ ಕಂತು ಮರುಪ್ರಸಾರವಾದಾಗಲೆಲ್ಲ ಅದು ಕಲಾವಿದರನ್ನು ಒಳಗೆಳೆದುಕೊಳ್ಳುತ್ತದೆ, ನಿಮಗೂ ಗೊತ್ತಲ್ಲ. ನಮ್ಮ ದೃಶ್ಯಕ್ಕೆ ನಗು ಬಂದರೆ ಬಾಗಿಲು ತೆರೆದು ಮನೆಗೆ ಬಿಡುತ್ತದೆ. ನಗು ಬಾರದ ಪೋಸ್ಟ್‌ಮನ್ ಪಾತ್ರಧಾರಿ ಇಂದಿಗೂ ತನ್ನ ಕಂತಿನ ಗೇಟಿನಲ್ಲೇ ನಿಂತಿದ್ದಾನೆ.

ಇಂದು ನಾಲ್ಕಕ್ಕೆ ನನ್ನ ಕಂತು. ಒಲೆ ಆರಿಸಿ, ತಲೆ ಬಾಚಿಕೊಂಡು ಟಿವಿ ಮುಂದೆ ಕೂತೆ. ಕ್ಷಣದಲ್ಲಿ ಸೆಟ್ಟಿನೊಳಗಿದ್ದೆ.

"ವಾರಿಜಾ, ಒಂಚೂರು ಹೆಪ್ಪು ಇದ್ರೆ ಕೊಡೇ!"

ನಾಯಕಿ ವಾರಿಜಾಳ ಕುರ್ಚಿ ಖಾಲಿ.

ಅವಳ ಗಂಡನ ಪಾತ್ರದ ಶಾಮಣ್ಣ ಪೇಪರಿನ ಮರೆಯಿಂದ ಪಿಸುಗುಟ್ಟಿದ: "ಮೊನ್ನೆ ತೀರ್ಕೊಂಡ್ಳು ಕಣಮ್ಮ. ಅವಳ ಮಾತೂ ನೀನೇ ಹೇಳ್ಬಿಡು, ಬೇಗ!"

"ನೀನೇ ಹೇಳಯ್ಯ!"

"ಹೆಂಗಸಿನ ಮಾತು ನಾನ್ ಹೇಳಿದ್ರೆ ನಗು ಬರುತ್ತಾ?"

ವಾರಿಜಾಳ ಆ ಒಂದು ಮಾತು ಮಾತ್ರ ನನಗೆ ಬಾಯಿಪಾಠ. ನನ್ನ ಮುಖಕ್ಕೇ ಬರೆದದ್ದಲ್ಲವೇ? ವಾರಿಜಾಳ ದನಿಯಲ್ಲೇ ಹೇಳಿದೆ: "ಹಾಲಿಗೆ ನಿನ್ ಮುಖ ತೋರ್ಸೇ, ತಾನಾಗೇ ಹೆಪ್ಪುಗಟ್ಟುತ್ತೆ!"

ಭೂಮಿ ಬಿರಿಯುವಂಥ ನಗು. ಬಾಗಿಲು ತೆರೆಯಿತು. ಹೊರಡಲು ಎದ್ದೆ. ಎದ್ದಾಗಲೇ ಗೊತ್ತಾದದ್ದು, ನಾನು ಕೂತಿದ್ದೆನೆಂದು, ವಾರಿಜಾಳ ಕುರ್ಚಿಯಲ್ಲಿ. ಕೈಯಲ್ಲಿ ಬಟ್ಟಲಿಲ್ಲ. ಸೊಂಟದಲ್ಲಿ ಅವಳ ಬೀಗದ ಕೈ ಗೊಂಚಲು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಕೊನೆಗೂ ನಾನು ನಾಯಕಿ! ಮುನ್ನೂರು ಕಂತು, ಪ್ರತಿ ದೃಶ್ಯದಲ್ಲೂ ನಾನೇ.

ಯಾರೋ ಬಾಗಿಲು ತಟ್ಟಿದರು, ನನ್ನಷ್ಟು ಚೆನ್ನಾಗಿಯಂತೂ ಅಲ್ಲ. ನನ್ನ ರಕ್ತ ಹೆಪ್ಪುಗಟ್ಟಿತು. ನಾಯಕಿಯ ಮುಂದಿನ ಮಾತು ನನಗೆ ಗೊತ್ತಿಲ್ಲ.