ಕಾಶ್ಯಪ ಗೋತ್ರದ ಹಕ್ಕಿ

ಪಿಂಡಕ್ಕೆ ಕಾಗೆ ಬಾರದೆ ಮುಕ್ಕಾಲು ಗಂಟೆಯಾಗಿತ್ತು. ಮಲ್ಲೇಶ್ವರಂನಲ್ಲಿ ಕಾಗೆಗೇನೂ ಬರಗಾಲವಿರಲಿಲ್ಲ. ಇಪ್ಪತ್ತು ಮೂವತ್ತು ಕಾಗೆಗಳು ರಂಗನಾಯಕಮ್ಮನವರ ತಾರಸಿಯ ಮೇಲೆಯೇ ಇದ್ದವು. ಆದರೆ ಅವೆಲ್ಲ ಪಿಂಡಕ್ಕೆ ಬೆನ್ನು ತಿರುಗಿಸಿ, ನೀರಿನ ಟ್ಯಾಂಕಿನ ಪಕ್ಕ ಬಿದ್ದಿದ್ದ ಒಂದು ಪರದೇಶಿ ಹಕ್ಕಿಯನ್ನು ಕುಕ್ಕುವುದರಲ್ಲಿ ಮಗ್ನವಾಗಿದ್ದವು. ಮಗ ರಾಘವ ಒದ್ದೆ ಪಂಚೆಯಲ್ಲಿ ನಿಂತು "ಕಾ ಕಾ" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ.

ಹಕ್ಕಿ ಕಪ್ಪಗಿತ್ತು, ಹೊಟ್ಟೆ ಬಿಳಿ, ಉದ್ದನೆಯ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿತ್ತು. ಎರಡು ದಿನದಿಂದ ಚೆನ್ನೈ ಕಡೆ ಚಂಡಮಾರುತ. ಗಾಳಿ ಅದನ್ನು ಎಲ್ಲಿಂದಲೋ ಹೊತ್ತು ತಂದು ಇಲ್ಲಿ ಎಸೆದಿತ್ತು.

ಅಂದು ರಂಗನಾಯಕಮ್ಮನವರ ಗಂಡ ರಾಮಸ್ವಾಮಿಯವರ ಮೂರನೇ ವರ್ಷದ ತಿಥಿ. ಕಾಗೆ ಮುಟ್ಟುವ ತನಕ ಯಾರೂ ಎಲೆಗೆ ಕೂರಬಾರದೆಂಬುದು ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಪುರೋಹಿತ ವರದರಾಜಾಚಾರ್ಯರ ಹೊಟ್ಟೆ ತಾಳ ಹಾಕುತ್ತಿತ್ತು.

"ಇದೂ ಕಪ್ಪಗೇ ಇದೆ. ಕಾಗೆ ಅಂತಲೇ ಇಟ್ಕೊಳ್ಳೋಣ," ಎಂದು ಅವರು ಪಿಂಡದ ಎಲೆಯನ್ನು ಹಕ್ಕಿಯ ಮುಂದೆ ಸರಿಸಿದರು. ಹಕ್ಕಿ ಬೀಗರ ಮನೆಯ ಊಟದಲ್ಲಿ ಉಪ್ಪು ಕಡಿಮೆಯಾದಂತೆ ಮುಖ ತಿರುಗಿಸಿತು.

ಅಷ್ಟರಲ್ಲಿ ಮಹಡಿಯ ಬಾಡಿಗೆ ಮನೆಯ ಸುಪ್ರಜಾ ಒಂದು ದಪ್ಪ ಪುಸ್ತಕ ಹಿಡಿದು ಓಡಿಬಂದಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು.

"ಅನ್ನ ಮುಟ್ಟಲ್ಲ ಆಂಟಿ, ಇದು ಸಮುದ್ರದ ಹಕ್ಕಿ. ಫ್ರಿಗೇಟ್ ಅಂತ. ಅದರಲ್ಲೂ ಈ ಜಾತಿ ಇಡೀ ಪ್ರಪಂಚದಲ್ಲಿ ಒಂದೇ ಒಂದು ದ್ವೀಪದಲ್ಲಿ ಗೂಡು ಕಟ್ಟುತ್ತೆ. ಕ್ರಿಸ್‌ಮಸ್ ದ್ವೀಪ."

"ಕ್ರಿಸ್‌ಮಸ್ಸಾ!" ಆಚಾರ್ಯರು ಎಲೆಯನ್ನು ಎರಡು ಅಡಿ ಹಿಂದಕ್ಕೆಳೆದುಕೊಂಡರು.

"ಎರಡು ವರ್ಷಕ್ಕೆ ಒಂದೇ ಮೊಟ್ಟೆ. ಗೊಬ್ಬರಕ್ಕೆ ಫಾಸ್ಫೇಟ್ ತೆಗೆಯೋ ಗಣಿಗೋಸ್ಕರ ಅಲ್ಲಿನ ಕಾಡು ಕಡಿದ್ರು. ಉಳಿದಿರೋವು ಮೀನಿನ ಬಲೆಗೆ, ಗಾಳಕ್ಕೆ ಸಿಕ್ಕಿ ಸಾಯ್ತಿವೆ. ಎಲ್ಲಾ ಸೇರಿ ಕೆಲವೇ ಸಾವಿರ. ಗೌರಿ ಹಬ್ಬದ ಹಿಂದಿನ ದಿನ ನಮ್ಮ ಎಂಟನೇ ಕ್ರಾಸಲ್ಲಿ ಸೇರೋ ಜನಕ್ಕಿಂತ ಕಡಿಮೆ." ಸುಪ್ರಜಾ ದನಿ ತಗ್ಗಿಸಿದಳು. "ಈಗ ಮೀನು ಕೊಡದಿದ್ರೆ ಸಂಜೆಯೊಳಗೆ ಅದರಲ್ಲೂ ಒಂದು ಕಡಿಮೆ."

ತಿಥಿಯ ದಿನ, ಪಿಂಡದ ಪಕ್ಕದಲ್ಲಿ, ಮೀನು! ಆಚಾರ್ಯರು ಎರಡೂ ಕಿವಿ ಮುಚ್ಚಿಕೊಂಡರು. "ಶ್ರಾದ್ಧ ಕೆಟ್ಟ ಹಾಗೇನೇ. ರಾಮಸ್ವಾಮಿಗಳು ಇನ್ನೊಂದು ವರ್ಷ ಉಪವಾಸ ಬೀಳ್ತಾರೆ, ನೋಡಿ ಮತ್ತೆ."

ರಂಗನಾಯಕಮ್ಮ ಹಕ್ಕಿಯನ್ನೇ ನೋಡುತ್ತಿದ್ದರು. ಕಾಗೆಗಳು ಕುಕ್ಕಿದ ಕಡೆ ರಕ್ತ ಜಿನುಗಿತ್ತು. ಆದರೂ ತಲೆ ಬಗ್ಗಿಸಿರಲಿಲ್ಲ. ಅದನ್ನು ಹಾಗೇ ಸಾಯಲು ಬಿಡುವ ಮನಸ್ಸಾಗಲಿಲ್ಲ. ಆದರೆ ಮೂರು ವರ್ಷದ ಹಿಂದೆ ಹೋದ ಗಂಡನನ್ನು ಉಪವಾಸ ಕೆಡವುವುದು ಹೇಗೆ?

"ಮೀನು ಅದೇ ಮುಳುಗಿ ಹಿಡಿಯುತ್ತೇನೇ?"

"ಎಲ್ಲಿ ಆಂಟಿ! ರೆಕ್ಕೆ ನೆಂದ್ರೆ ಏಳೋಕಾಗಲ್ಲ. ನೀರಿನ ಮೇಲಿಂದ ಎತ್ಕೊಳ್ಳುತ್ತೆ. ಇಲ್ಲದಿದ್ರೆ ಬೇರೆ ಹಕ್ಕಿ ಬಾಯಿಂದ ಕಿತ್ಕೊಂಡು ತಿನ್ನುತ್ತೆ."

ನಲವತ್ತೊಂದು ವರ್ಷದ ಸಂಸಾರದಲ್ಲಿ ರಂಗನಾಯಕಮ್ಮ ತಮ್ಮ ಎಲೆಯ ಕೊನೆಯ ವಡೆಯನ್ನು ಒಮ್ಮೆಯೂ ತಿಂದವರಲ್ಲ. ಪಕ್ಕದ ಎಲೆಯಿಂದ ರಾಮಸ್ವಾಮಿಯವರ ಕೈ ಬಂದೇ ಬರುತ್ತಿತ್ತು.

"ಇವರೇ. ಅನುಮಾನವೇ ಇಲ್ಲ," ಎಂದರು. "ಸುಪ್ರಜಾ, ಹೋಗಿ ಮೀನು ತಂದ್ಬಿಡು. ನಡುಮನೆಯಿಂದ ಬರಬೇಡ, ಹಿಂದಿನ ಮೆಟ್ಟಿಲು ಹತ್ತಿ ಬಾ."

ಸುಪ್ರಜಾ ಸ್ಕೂಟಿಯಲ್ಲಿ ಯಶವಂತಪುರಕ್ಕೆ ಹೋಗಿ ಬರುವವರೆಗೂ ಆಚಾರ್ಯರು ಉತ್ತರೀಯದಿಂದ ಮೂಗು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಜಪ ಮಾಡಿದರು. ಅವಳು ಮೊದಲ ಮೀನು ಎಸೆದದ್ದೇ ತಡ, ಒಂದು ಕಾಗೆ ಅದನ್ನು ಹಾರಿಸಿಕೊಂಡಿತು. ಆಗ, ಅಷ್ಟು ಹೊತ್ತು ಹೆಣದಂತೆ ಬಿದ್ದಿದ್ದ ಹಕ್ಕಿ ಕುತ್ತಿಗೆ ಚಾಚಿ, ಕಾಗೆಯ ಬಾಯಿಂದ ಮೀನು ಕಿತ್ತು ಗುಳುಂ ಮಾಡಿತು. ಕೈಗೆ ಬಂದ ತುತ್ತು ಬಾಯಿಗೆ ಬರದ ಕಾಗೆ ಅತ್ತಿತ್ತ ನೋಡಿತು. ಸಿಕ್ಕಿದ್ದೇ ಸೀರುಂಡೆ ಎಂದು ಪಿಂಡಕ್ಕೆ ಬಾಯಿ ಹಾಕಿತು.

"ಮುಟ್ಟಿತು! ಪಿತೃಗಳು ತೃಪ್ತರಾದರು! ಎಲೆ ಹಾಕಿ!" ಆಚಾರ್ಯರು ಮೀನಿನ ಚೀಲವನ್ನು ದಾಟಿಕೊಂಡೇ ಕೆಳಗೋಡಿದರು. ಶ್ರಾದ್ಧ ಕೆಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮೂರು ಗಂಟೆಗೆ ಗಾಳಿ ಎದ್ದಿತು. ನಾಲ್ಕು ಮೀನು ಮುಗಿಸಿದ ಹಕ್ಕಿ ಏಳಲು ನೋಡಿತು, ಚಪ್ಪಟೆ ನೆಲದಿಂದ ಆಗಲಿಲ್ಲ. ರಂಗನಾಯಕಮ್ಮ ಮಡಿಸೀರೆಯಲ್ಲೇ ಅದನ್ನು ಅಪ್ಪಿ ಎತ್ತಿ ಗೋಡೆಯ ಅಂಚಿಗಿಟ್ಟರು. ರೆಕ್ಕೆ ಬಿಚ್ಚಿದರೆ ಆಳುದ್ದಕ್ಕೂ ಮಿಗಿಲು! ಒಮ್ಮೆ ಕೆಳಕ್ಕೆ ಜಾರಿ, ತೆಂಗಿನ ಮರದ ಮೇಲಕ್ಕೆದ್ದು ತೆಂಕಲಿಗೆ ಹೋಯಿತು.

"ಮೆಜೆಸ್ಟಿಕ್ ಕಡೆ ಹೋಯ್ತು," ಎಂದರು ಕಣ್ಣೊರೆಸಿಕೊಂಡು. "ಅಲ್ಲಿಂದ ಎಲ್ಲಿಗೆ ಬೇಕಾದ್ರೂ ಬಸ್ ಸಿಗುತ್ತೆ."

ಕೆಳಗೆ ಆಚಾರ್ಯರು ಎಂಟು ವಡೆ ಮುಗಿಸಿ ತಾಂಬೂಲ ಹಾಕಿಕೊಳ್ಳುತ್ತಿದ್ದರು.

"ಆಚಾರ್ರೇ, ಬಲೆಗೆ ಬಿದ್ದು ಸತ್ತಿರೋ ಆ ಹಕ್ಕಿಗಳಿಗೂ ಒಂದು ಪಿಂಡ ಇಡಬಹುದಾ?" ಎಂದರು ಮೆಟ್ಟಿಲಿಳಿದು ಬಂದ ರಂಗನಾಯಕಮ್ಮ.

"ಧಾರಾಳವಾಗಿ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಅಂತ ಶಾಸ್ತ್ರ. ಅಲ್ಲದೆ ಹಕ್ಕಿಗಳೆಲ್ಲ ಕಶ್ಯಪರ ಸಂತಾನವೇ." ಆಚಾರ್ಯರು ಅಡಿಕೆ ಕಡಿದರು. "ಆದ್ರೆ ಅವಸರ ಯಾಕಮ್ಮಾ? ಇನ್ನೂ ಕೆಲವು ಸಾವಿರ ಇದಾವಂತಲ್ಲ. ಪೂರ್ತಿ ಹೋಗಲಿ, ಒಟ್ಟಿಗೇ ಇಟ್ಟರಾಯ್ತು."

"ಇಡೋಣ," ಎಂದರು ರಂಗನಾಯಕಮ್ಮ. "ಆವತ್ತು ಆ ಪಿಂಡ ಮುಟ್ಟೋಕೆ ಅವುಗಳ ಕಡೆಯಿಂದ ಯಾರು ಬರ್ತಾರೆ, ಆಚಾರ್ರೇ?"