ಟೈಲರ್ ತಾತನ ಮೀಸೆ

"ಯಾರೂ ಅಲ್ಲಾಡಬೇಡಿ!" ಎಂದು ಟೈಲರ್ ತಾತ ನಡುಮನೆಗೆ ಬಂದು ಗುಡುಗಿದರು. ಅಲ್ಲಾಡುವುದಕ್ಕೆ ಅಲ್ಲಿದ್ದವರೇ ಇಬ್ಬರು. ತಟ್ಟೆ ಒರೆಸುತ್ತಿದ್ದ ಹೆಂಡತಿ, ಮತ್ತು ಚಾಪೆಯ ಮೇಲೆ ಕುಳಿತು ನೂಲಿನ ಖಾಲಿ ಉರುಳೆ ಉರುಳಿಸುತ್ತಿದ್ದ ಎರಡು ವರ್ಷದ ಮೊಮ್ಮಗಳು.

"ಕೈಸೂಜಿ ಕಾಣ್ತಿಲ್ಲ ಕಣೇ. ಈಗ ತಾನೇ ಕೋಟಿಗೆ ಗುಂಡಿ ಹಾಕ್ತಾ ಇದ್ದೆ. ನೀನು ಕರೆದೆ ಅಂತ ಎದ್ದೆ, ಅಷ್ಟೇ. ವಾಪಸ್ ಹೋಗಿ ನೋಡಿದ್ರೆ ಇಲ್ಲ!" ಹಾಗೆನ್ನುತ್ತಲೇ ಅವರು ಮಗುವನ್ನು ನೆಲದಿಂದ ಬಾಚಿ ಎದೆಗೆ ಅವಚಿಕೊಂಡರು. ಅಲ್ಲಿಯವರೆಗೆ ತನ್ನ ಪಾಡಿಗೆ ಆಡುತ್ತಿದ್ದ ಮಗು ಕಿಟಾರನೆ ಕಿರುಚಿತು.

ಟೈಲರ್ ತಾತನ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ದಿನಾ ಬೆಳಿಗ್ಗೆ ಮಗುವನ್ನು ಇಲ್ಲಿ ಬಿಟ್ಟು ಕೆಲಸಕ್ಕೆ ಹೋಗುವ ಮಗಳು ಹೊಸಿಲು ದಾಟುವ ಮುಂಚೆ ತಪ್ಪದೆ ಹೇಳುತ್ತಿದ್ದಳು: "ಅಪ್ಪಾ, ನೆಲದ ಮೇಲೆ ಒಂದೇ ಒಂದು ಸೂಜಿ ಕಂಡ್ರೂ ಮಾರನೇ ದಿನದಿಂದ ಇವಳು ಶಿಶುವಿಹಾರಕ್ಕೆ." ಮೊಮ್ಮಗಳಿಲ್ಲದ ಹಗಲನ್ನು ತಾತ ನೆನೆಸಿಕೊಳ್ಳಲಾರರು. ಅದಕ್ಕೇ ಅಂಗಡಿಯ ಬಾಗಿಲಿಗೆ ಅಡ್ಡಹಲಗೆ ಬಡಿದಿದ್ದರು. ಕತ್ತರಿಯನ್ನು ಅಟ್ಟಕ್ಕೇರಿಸಿದ್ದರು. ಮೇಜಿನ ನಾಲ್ಕು ಮೂಲೆಗೂ ಹತ್ತಿ ತುಂಬಿ ಟೋಪಿ ಹೊಲಿದು, ಅಂಚಿಗೆ ಪೈಪಿಂಗ್ ಕೂಡ ಕೊಟ್ಟು ತೊಡಿಸಿದ್ದರು. "ಇಷ್ಟು ದಿನ ಗಿರಾಕಿಗಳಿಗೆ ಹಾಕ್ತಿದ್ರಿ, ಈಗ ಮೇಜಿಗೂ ಟೋಪಿ ಹಾಕಿದ್ರಿ" ಎಂದು ಹೆಂಡತಿ ನಕ್ಕಿದ್ದರು.

ಇಷ್ಟೆಲ್ಲ ಮಾಡಿದರೂ ಮಗು ಮಾತ್ರ ಅವರಿಗೆ ಒಲಿದಿರಲಿಲ್ಲ. ಪೇಪರಿನವನು ಕೈಚಾಚಿದರೆ ಹೋಗುತ್ತಿತ್ತು, ಹಾಲಿನವನು ಎತ್ತಿಕೊಂಡರೆ ನಗುತ್ತಿತ್ತು. ತಾತ ಎತ್ತಿದರೆ ಮುಗಿಯಿತು, ಮನೆಯ ಹೆಂಚು ಹಾರುವಂಥ ಅಳು. ಮಗುವಿನ ಕೆನ್ನೆಯ ಮೇಲಿನ ಸಣ್ಣ ಕೆಂಪು ಗೀರು ನೋಡಿ ಹೆಂಡತಿ ತೀರ್ಪು ಕೊಟ್ಟಿದ್ದರು: "ನಿಮ್ಮ ಮೀಸೆ ಚುಚ್ಚುತ್ತೆ ರೀ." ಮಾವನ ಮುಂದೆಯೂ ತಗ್ಗದಿದ್ದ, ಎರಡೂ ತುದಿ ಹುರಿಗೊಳಿಸಿದ ಮೀಸೆ ಅದು. ಹೋದ ಭಾನುವಾರ ತಾತ ಕನ್ನಡಿಯ ಮುಂದೆ ನಿಂತು, ಕಣ್ಣು ಮುಚ್ಚಿಕೊಂಡು ಅದನ್ನು ಬೋಳಿಸಿಬಿಟ್ಟರು. ಮೀಸೆ ಹೋಯಿತು, ಅಳು ಹೋಗಲಿಲ್ಲ. ಊರವರ ಮೈಯಳತೆಯೆಲ್ಲ ನಾಲಿಗೆಯ ತುದಿಯಲ್ಲಿದ್ದವರಿಗೆ ಈ ಮೊಳದುದ್ದದ ಮಗುವಿನ ಮನಸ್ಸಿನ ಅಳತೆ ಸಿಗಲಿಲ್ಲವಲ್ಲ ಎಂದು ಒಳಗೊಳಗೇ ನೊಂದುಕೊಂಡಿದ್ದರು.

ಈಗ ಅದೆಲ್ಲ ಮರೆತುಹೋಗಿತ್ತು. "ಚಾಪೆ ಕೊಡವು! ಬಾಗಿಲ ಸಂದಿ ನೋಡು! ಅಯ್ಯೋ, ಬರಿಗಾಲಲ್ಲಿ ಓಡಾಡಬೇಡವೇ!" ಎಂದು ಅವರು ನಿಂತಲ್ಲಿಂದಲೇ ಹುಕುಂ ಕೊಡುತ್ತಿದ್ದರು. ಹೆಂಡತಿ ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ನೆಲದ ತುಂಬ ಎಳೆದಾಡಿದರು. ಒಂದು ಹಳೆಯ ಹುಕ್ಕು ಸಿಕ್ಕಿತು, ಸೂಜಿಯಿಲ್ಲ. ಮಗು ಅತ್ತಷ್ಟೂ ತಾತ ಬಿಗಿಯಾಗಿ ಅಪ್ಪಿಕೊಂಡರು. ಅವರು ಬಿಗಿಯಾಗಿ ಅಪ್ಪಿದಷ್ಟೂ ಮಗು ಜೋರಾಗಿ ಅತ್ತಿತು.

"ನುಂಗಿಬಿಟ್ಟಿದ್ದಾಳೆ ಕಣೇ," ಎಂದರು ತಾತ ಕೊನೆಗೆ. ದನಿಯಲ್ಲಿ ಗುಡುಗು ಉಳಿದಿರಲಿಲ್ಲ. "ಆಸ್ಪತ್ರೆಗೆ ನಡಿ. ನನ್ನ ಕೈಯಾರೆ ನಾನೇ... ನಡಿಯೇ!"

"ಕೊಡಿ ಇಲ್ಲಿ, ಬಾಯಿ ನೋಡ್ತೀನಿ," ಎಂದು ಹೆಂಡತಿ ಮಗುವನ್ನು ಕಿತ್ತುಕೊಂಡರು. ನಲ್ಲಿ ತಿರುಗಿಸಿದಂತೆ ಅಳು ನಿಂತಿತು. ಬಾಯಲ್ಲಿ ಏನೂ ಇರಲಿಲ್ಲ. ಆದರೆ ಮಗುವಿನ ಮುಷ್ಟಿಯಲ್ಲಿ ಒಂದು ಕಪ್ಪು ದಾರವಿತ್ತು, ಅದು ಬಿಗಿಯಾಗಿ ಗಾಳಿಯಲ್ಲಿ ನಿಂತಿತ್ತು. ಹೆಂಡತಿ ಅದರ ಗುಂಟ ಕಣ್ಣು ಹಾಯಿಸಿದರು. ದಾರದ ಇನ್ನೊಂದು ತುದಿಯಲ್ಲಿ, ತಾತನ ಅಂಗಿಯ ಎಡಎದೆಯ ಮೇಲೆ, ಮೊನೆ ಹೊರಗಿಟ್ಟುಕೊಂಡು ಸೂಜಿ ಕೂತಿತ್ತು. ಕೆಲಸದ ನಡುವೆ ಏಳುವಾಗ ಸೂಜಿಯನ್ನು ಅಲ್ಲಿ ಸಿಕ್ಕಿಸುವುದು ಮೀಸೆ ಮೂಡುವ ಮೊದಲಿನ ಅಭ್ಯಾಸ. ಕೈ ಮಾಡಿದ ಕೆಲಸ ತಲೆಗೆ ತಿಳಿಯುತ್ತಲೇ ಇರಲಿಲ್ಲ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ," ಎಂದರು ಹೆಂಡತಿ. "ನೀವು ಕೂಸು, ಸೂಜಿ ಎರಡನ್ನೂ ಇಟ್ಕೊಂಡು ಹುಡುಕಿದ್ರಿ."

"ಹಾಗಾದ್ರೆ ಇಷ್ಟು ದಿನಾನೂ..."

"ಇಷ್ಟು ದಿನಾನೂ."

ತಾತ ಸೂಜಿಯನ್ನು ಒಯ್ದು ಅಂಗಡಿಯ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ಅಂಗಿಯನ್ನೇ ಬಿಚ್ಚಿ ಗೂಟಕ್ಕೆ ಸಿಕ್ಕಿಸಿ, ಬನಿಯನ್ನಿನಲ್ಲಿ ಬಂದು ಚಾಪೆಯ ಮೇಲೆ ಕೂತು, ನಾಚಿಕೊಂಡೇ ಕೈಚಾಚಿದರು. ಮಗು ಅವರನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ತಪ್ಪುಹೆಜ್ಜೆ ಇಡುತ್ತಾ ಬಂದು ಎದೆಯ ಮೇಲೆ ಕೆನ್ನೆಯಿಟ್ಟಿತು. ಅಳಲಿಲ್ಲ. ತಾತನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮಗಳು ಒಳಗೆ ಬಂದಳು. ಬಂದವಳೇ ರೂಢಿಯಂತೆ ನೆಲದ ಮೇಲೆಲ್ಲ ಕಣ್ಣಾಡಿಸಿದಳು. "ಅಮ್ಮಾ, ಇವತ್ತು ಸೂಜಿಗೀಜಿ ಏನಾದ್ರೂ ನೆಲದ ಮೇಲೆ ಬಿದ್ದಿತ್ತಾ?"

ಹೆಂಡತಿ ಗಂಡನ ಮುಖ ನೋಡಿದರು. "ನೆಲದ ಮೇಲಾ? ದೇವರಾಣೆ ಒಂದೂ ಇಲ್ಲಮ್ಮ."

ಗೆದ್ದ ಗತ್ತಿನಲ್ಲಿ ತಾತನ ಕೈ ಮೀಸೆ ತಿರುವಲು ತಾನಾಗಿ ಮೇಲೇರಿತು. ಅಲ್ಲಿ ಏನೂ ಸಿಗದೆ, ಮೆಲ್ಲಗೆ ಕೆಳಗಿಳಿದು ಮಗುವಿನ ಬೆನ್ನು ತಟ್ಟತೊಡಗಿತು.